ಮಾವನ ಪಾಲಿನ ಜಡೆ

ಎಣ್ಣೆ ಹಚ್ಚಿ ಬಾಚುತ್ತಿದ್ದ ಹಣಿಗೆ ಮಗನ ಕಿವಿಯ ಹಿಂದೆ ಸಿಕ್ಕಿಕೊಂಡಿತು. ನಿನ್ನೆಯಷ್ಟೇ ಬಿಡಿಸಿದ್ದ ಗಂಟು; ನಿದ್ದೆಯಲ್ಲಿ ಹೊರಳಾಡಿ ಮತ್ತೆ ಕಟ್ಟಿಕೊಂಡಿತ್ತು. ಚಂದ್ರಕಲಾ ಎಳೆಯಲಿಲ್ಲ. ಹಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಬೆರಳಿನಿಂದ ಒಂದೊಂದೇ ಎಳೆ ಬಿಡಿಸುತ್ತ ಕುಳಿತಳು. ಹೊತ್ತು ಇಳಿಯುವುದರೊಳಗೆ ಹೊಳೆಯ ಪಾಲಾಗುವ ಕೂದಲಿಗೆ ಇಷ್ಟು ಉಪಚಾರ. ಮಗ ಮಾಣಿಕ ಅವಳ ಮೊಣಕಾಲುಗಳ ನಡುವೆ ಕುಳಿತು, ತಣ್ಣಗಿದ್ದ ಪರಸಿ ಕಲ್ಲಿನ ನೆಲದ ಮೇಲೆ ಪ್ಲಾಸ್ಟಿಕ್ ಎಂಜಿನ್ನನ್ನು ಓಡಿಸುತ್ತಿದ್ದ. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಕೂಸು, ಅಮ್ಮ ಎನ್ನುವುದಕ್ಕಿಂತ ಮೊದಲು ಕೂ ಎಂದಿತ್ತು. ಹೊರಗೆ ನುಗ್ಗೆ ಗಿಡದ ಎಲೆಗಳ ಮೇಲೆ ಸಿಮೆಂಟಿನ ಧೂಳು ತೆಳ್ಳಗೆ ಕುಳಿತಿತ್ತು. ಮಳೆಗಾಲ ಹಿಂದೆ ಸರಿದಿತ್ತು. ಬಿಸಿಲಿಗೆ ಇನ್ನೂ ಸಿಟ್ಟು ಬಂದಿರಲಿಲ್ಲ. ದಸರೆ ಕಳೆದು ಶೀಗಿ ಹುಣ್ಣಿಮೆ ಬರುವ ನಡುವಿನ ಈ ನಾಲ್ಕು ದಿನಗಳಲ್ಲಿ ಬೆಳಕು ಎಲ್ಲದರ ಮೇಲೂ ಮೆಲ್ಲಗೆ ಬೀಳುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ದೇವರು ಒಬ್ಬೊಬ್ಬರನ್ನೇ ಮುಟ್ಟಿ ನೋಡಿ ಮುಂದೆ ಹೋದಂತೆ. ತನ್ನನ್ನು ಮುಟ್ಟದೆ ದಾಟಿಹೋದನೋ ಏನೋ.

ಒಳಗಿನಿಂದ ಅತ್ತೆ ಶಿವಕಾಂತಮ್ಮನ ದನಿ ಬಂತು. "ಏ ಚಂದ್ರವ್ವ, ಮದಿಮಗಳಿಗಿ ಹೆಣೀಲಿಕತ್ತೀದೇನ? ರೈಲು ನಿನ ಸಲುವಾಗಿ ನಿಂದ್ರಂಗಿಲ್ಲ."

"ಆಯ್ತು ಅತ್ತಿ. ಒಂದ್ ಜಡಿ ಆಗ್ಯಾದ, ಇನ್ನೊಂದು ಉಳದದ."

ಒಂದಾಯಿತು, ಇನ್ನೊಂದು ಉಳಿದಿದೆ. ಆಡಿದ ಮಾತು ಆಡಿದವಳ ಕಿವಿಗೇ ತಿರುಗಿ ಬಂದು ಬಿತ್ತು. ಗಂಡುಮಗನಿಗೆ ಎರಡು ಜಡೆ. ಹುಟ್ಟುಗೂದಲಿನ ಜಾವಳ ತೆಗೆಯುವ ತನಕ ಕತ್ತರಿ ತಾಕಿಸಬಾರದು. ಜಾವಳ ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲಿರಬೇಕು, ಮೊದಲ ಎಳೆಗೆ ಅವನೇ ಕತ್ತರಿ ಹಾಕಬೇಕು. ಆ ಸೋದರಮಾವ ಬಂದಿರಲಿಲ್ಲ. ವರ್ಷಕ್ಕೆ ಮಾಡಬೇಕೆಂದರು, ಬರಲಿಲ್ಲ. ಎರಡನೆಯದು ಸರಿಸಂಖ್ಯೆಯ ವರ್ಷ, ಮಾಡುವಂತಿಲ್ಲ. ಈಗ ಮೂರು ತುಂಬುತ್ತಿತ್ತು. ಕೂದಲು ಮಾತ್ರ ಯಾರನ್ನೂ ಕಾಯದೆ ಹೆಗಲು ದಾಟಿ ಬೆನ್ನಿಗೆ ಇಳಿದಿತ್ತು. ಹೋದ ವರ್ಷ ಇದೇ ದಿನಗಳಲ್ಲಿ ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಡ್ಯಾಮಿಗೆ ಬುತ್ತಿ ಕಟ್ಟಿಕೊಂಡು ಹೋದಾಗ ಫೋಟೋ ತೆಗೆಯುವ ಹುಡುಗ "ಅಕ್ಕಾರ, ಮಗಳನ್ನ ಸ್ವಲ್ಪ ಈಕಡಿ ತಿರುಗಸ್ರಿ" ಎಂದಿದ್ದ. ಗಂಡ ಸಾಯಿಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ಫೋಟೋ ಗೋಡೆಯ ಮೇಲಿದೆ: ನಡುವೆ ಜಡೆಯ ಕೂಸು, ಆಚೆ ಈಚೆ ತಾವಿಬ್ಬರು, ಬಲಗಡೆ ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ನೀರು. ಎರಡನೆಯ ಹುಟ್ಟುಹಬ್ಬದ ಫೋಟೋದಲ್ಲಿ ಕೇಕಿನ ಆಚೆ ಅಷ್ಟೇ ಖಾಲಿ ಗೋಡೆ. ಫೋಟೋಕ್ಕೆ ನಿಲ್ಲುವಾಗ ತಾನು ಗೊತ್ತಿಲ್ಲದೆ ಒಂದು ಮಾರು ಎಡಕ್ಕೆ ಸರಿದು ನಿಲ್ಲುತ್ತೇನೆ ಎಂಬುದು ಅವಳಿಗೆ ಈಚೆಗೆ ಹೊಳೆದಿತ್ತು.

ಸೇಡಂ ಕಡೆಯ ಹೊಳೆಗೆ ಜಾವಳ ತೆಗೆಸಲು ಹೊರಡುವ ಮೊದಲು ಶಿವಕಾಂತಮ್ಮ ದೇವರ ಜಗುಲಿಯ ಮುಂದೆ ಕುಳಿತು, ಮೊಮ್ಮಗನ ಕೈಗೆ ನಾಲ್ಕು ಬನ್ನಿ ಎಲೆ ಕೊಟ್ಟಳು. ಹುಣ್ಣಿಮೆಯ ತನಕ ಬನ್ನಿ ಕೊಡಬಹುದು, ಬಂಗಾರ ಬಾಡುವುದಿಲ್ಲ ಎನ್ನುವುದು ಅವಳ ಮಾತು. ಮಾಣಿಕ ಎಲೆ ಹಿಡಿದುಕೊಂಡು ಹೊಸ್ತಿಲ ಬಳಿಯೇ ನಿಂತು, "ಅಜ್ಜಿ, ನೀನೇ ಬಾ, ತಗೋ" ಎಂದ.

"ಭಲೇ! ನಾನೇ ನಿನ ಬಲ್ಲಿ ಬರಬೇಕಾ? ಸಣ್ಣವರು ಎದ್ದು ದೊಡ್ಡವರ ಬಲ್ಲಿ ಹೋಗಬೇಕೋ, ನನ್ನಪ್ಪ. ದೊಡ್ಡವರು ಬರ್ತಾರಂತ ಕುಂತ್ರ ಬನ್ನಿ ಕೈಯಾಗೇ ಒಣಗತದ."

ಚಂದ್ರಕಲಾ ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. ಅದರಲ್ಲಿಯೂ ನಾಲ್ಕು ಎಲೆಗಳಿದ್ದವು. ಯಾರಿಗೂ ಹೇಳಿರಲಿಲ್ಲ.

ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಾಯಿಕುಮಾರ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಯಾವ ಗಾಡಿ ಯಾವ ಹಳಿಗೆ ಹೊರಳುತ್ತದೆ ಎಂದು ಮಗನಿಗೆ ತೋರಿಸುತ್ತ ಕುಳಿತ. ಚಿತ್ತಾಪುರ ದಾಟಿದ ಮೇಲೆ ತೊಗರಿ ಹೊಲಗಳು ಹತ್ತಿರ ಬಂದವು. ಅಲ್ಲೊಂದು ಇಲ್ಲೊಂದು ಗಿಡ ಹಳದಿ ಹೂವು ಬಿಡಲು ಶುರು ಮಾಡಿತ್ತು. ಎದುರಿಗೆ ಸೀತಾಫಲದ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿ ಬಹಳ ಹೊತ್ತು ಮಾಣಿಕನನ್ನೇ ನೋಡಿ, "ಯವ್ವಾ, ಮಗಳ ಜಡಿ ಭಾಳ ಚಂದ ಅವ. ಹೆಸರೇನ?" ಎಂದಳು.

"ನಾ ಹುಡುಗ" ಎಂದ ಮಾಣಿಕ, ಕಿಟಕಿಯಿಂದ ಮುಖ ತಿರುಗಿಸದೆ.

"ಹುಡುಗನಾ! ಮತ್ತ ಜಡಿ?"

"ಮಾವ ಬಂದಿಲ್ಲ."

ಮುದುಕಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. ಅವಳು ಚಂದ್ರಕಲಾಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಒಂದು ಹಣ್ಣು ಒಡೆದು ಕೂಸಿನ ಕೈಗಿಟ್ಟಳು. ಆ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಚಂದ್ರಕಲಾಳಿಗೆ ತುಂಬಿದ ರೈಲು ಡಬ್ಬಿಯಲ್ಲಿ ತನ್ನ ತವರು ಬಟ್ಟೆ ಕಳಚಿ ನಿಂತಂತಾಯಿತು. ಮಾವ ಬಂದಿಲ್ಲ ಎಂದು ಕೂಸಿಗೆ ಕಲಿಸಿದವರು ಯಾರು? ಯಾರೂ ಕಲಿಸಿರಲಿಲ್ಲ. ಬಂದು ಹೋದವರೆಲ್ಲ ಕೇಳಿದ್ದಕ್ಕೆ ತಾನು ಕೊಟ್ಟ ಉತ್ತರ ಅದು. ಮೊಲೆಹಾಲಿನ ಜೊತೆ ಒಳಗೆ ಹೋಗಿತ್ತು.

ಮೊಲೆಹಾಲು ಎಂದರೆ ಬಾಣಂತಿಗೆ ಹಾಲು ಇಳಿಸುವ ಮೀನು. ಮೀನು ಎಂದರೆ ಅಣ್ಣ ಭಾಗಣ್ಣ. ಸೇಡಂ ಆಚೆ ಕಾಗಿಣಾ ಹೊಳೆಯ ದಂಡೆಯ ಮೇಲಿನ ಮನೆ, ಹರಗೋಲು ಹಾಕಿ ಬಲೆ ಬೀಸುವವನು. ಅವ್ವ ಹೋದಾಗ ಚಂದ್ರಕಲಾ ಲಂಗದ ಹುಡುಗಿ. ಆಮೇಲೆ ಅಪ್ಪ ಮಾಣಿಕಪ್ಪನೂ ಹೋದ. ತಂಗಿಗೆ ಜಡೆ ಹೆಣೆಯುವುದನ್ನು ಭಾಗಣ್ಣ ಬಲೆ ಹೆಣೆಯುವ ಕೈಯಿಂದಲೇ ಕಲಿತ. ಶಾಲೆಯಲ್ಲಿ ಹುಡುಗಿಯರು ಅವಳ ಜಡೆ ಎಳೆದು ಮೂಸಿ ನೋಡಿ ಮೀನು ಎನ್ನುತ್ತಿದ್ದರು. ಅವನು ಗಟ್ಟಿಯಾಗಿ ಹೆಣೆಯುತ್ತಿದ್ದ. ಸಂಜೆಯ ತನಕ ಒಂದು ಎಳೆ ಸಡಿಲವಾಗುತ್ತಿರಲಿಲ್ಲ. ತಂಗಿಯ ಮದುವೆ ಆಗಲಿ ಎಂದು ತನ್ನದನ್ನು ಮುಂದಕ್ಕೆ ತಳ್ಳಿದ. ಹೆಣ್ಣು ದಿಕ್ಕಿಲ್ಲದ ಮನೆಯಲ್ಲಿ ಬಾಣಂತನ ಬೇಡವೆಂದು ಅವಳೇ ಹೆರಿಗೆಗೆ ವಾಡಿಯಲ್ಲಿ ಉಳಿದಳು. ಕೂಸು ಹುಟ್ಟಿದ ವರ್ಷದ ಬನ್ನಿಯ ದಿನ, ಸಂಜೆ, ಸಾಯಿಕುಮಾರನ ಜೊತೆ ಕೆಲಸದವರು ಹೆಂಡಿರು ಮಕ್ಕಳ ಸಮೇತ ಬನ್ನಿ ಕೊಡಲು ಬಂದಿದ್ದರು. ಹೊಸ ಕುರ್ಚಿಗಳು, ತಾಟಿನಲ್ಲಿ ಅವಲಕ್ಕಿ ಚೂಡಾ. ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ. ಹೊಳೆಯಿಂದ ಸೀದಾ ಯಾವುದೋ ಲಾರಿ ಹತ್ತಿ ಬಂದವನು. ಒಂದು ಕೈಯಲ್ಲಿ ಬನ್ನಿ, ಇನ್ನೊಂದರಲ್ಲಿ ಎಲೆ ಸುತ್ತಿದ ಮೀನು. "ಇವತ್ತು ಬ್ಯಾಡ, ಹಬ್ಬ. ನಾಳಿಗಿ ಸಾರು ಮಾಡಿ ಕೊಡ್ರಿ, ಹಾಲು ಇಳೀತಾವ" ಎಂದು ಶಿವಕಾಂತಮ್ಮನ ಕೈಗಿತ್ತು, ಕೂಸಿನ ಕಡೆಗೆ ಎರಡೂ ಕೈ ಚಾಚಿದ್ದ. ಕುರ್ಚಿಯಲ್ಲಿದ್ದ ಒಬ್ಬಳು ಸೆರಗಿನ ಅಂಚನ್ನು ಮೂಗಿಗೆ ತಂದದ್ದನ್ನು ಚಂದ್ರಕಲಾ ನೋಡಿದಳು. ನೋಡಿದ್ದೇ ತಪ್ಪು. ಶಾಲೆಯ ಹುಡುಗಿಯರೆಲ್ಲ ಆ ಕುರ್ಚಿಯಲ್ಲಿ ಬಂದು ಕುಳಿತರು.

"ಅಣ್ಣ, ಮದಲ ಕೈ ತೊಳಕೊಂಡು ಬಾ" ಎಂದಳು. ಆಸ್ಪತ್ರೆಯ ನರ್ಸೂ ಅದನ್ನೇ ಹೇಳಿದ್ದಳು, ಕೂಸನ್ನು ಮುಟ್ಟುವವರು ಕೈ ತೊಳೆಯಲಿ ಎಂದು. ಅಷ್ಟಕ್ಕೆ ನಿಂತಿದ್ದರೆ ಅದು ಕೂಸಿನ ಮಾತಾಗಿರುತ್ತಿತ್ತು. "ಸಾಬೂನ ಹಚ್ಚಿ ತೊಳಕೋ" ಎಂದು ಸೇರಿಸಿದಳು. ಅದು ಕುರ್ಚಿಯವರ ಮಾತು.

ಹಿತ್ತಲಿನ ನಳದ ಸದ್ದು ಬಹಳ ಹೊತ್ತು ಕೇಳಿತು. ಯಾರೋ ಪಟಾಕಿಯ ಮಾತು ತೆಗೆದರು, ಯಾರೋ ನಕ್ಕರು. ಆಮೇಲೆ ಸದ್ದು ನಿಂತಿತು. ನಿಂತ ಮೇಲೆ ಯಾರೂ ಒಳಗೆ ಬರಲಿಲ್ಲ. ಬಂದವರೆಲ್ಲ ಹೋದ ಮೇಲೆ ನೋಡಿದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬನ್ನಿಯ ಎಲೆಗಳು ತೊಯ್ದು ಅಂಟಿಕೊಂಡಿದ್ದವು. ಸಾಬೂನನ್ನು ತೊಳೆದು, ನೊರೆ ಇಲ್ಲದಂತೆ, ಡಬ್ಬಿಯಲ್ಲಿ ಇಟ್ಟು ಮುಚ್ಚಿದ್ದ. ಈಗಲೂ ಸಾಬೂನು ತೆಗೆಯುವಾಗಲೆಲ್ಲ ಅವಳಿಗೆ ಆ ಮುಚ್ಚಿದ ಡಬ್ಬಿ ನೆನಪಾಗುತ್ತದೆ. ಬೈದಿದ್ದರೆ, ಬಾಗಿಲು ಒದ್ದು ಹೋಗಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದಳೇನೋ. ಮರುದಿನ ಅತ್ತೆ ಮೀನಿನ ಸಾರು ಮಾಡಿದಳು. ಚಂದ್ರಕಲಾ ಉಂಡಳು. ಹಾಲು ಇಳಿದವು.

"ಸೇಡಂ ಬಂತು, ಇಳೀರಿ" ಎಂದ ಸಾಯಿಕುಮಾರ.

ಸ್ಟೇಷನ್ನಿನ ಹೊರಗೆ ಬಾಬುಮಿಯಾನ ಆಟೋ ಸಿಕ್ಕಿತು. ಹಣ್ಣಾದ ಗಡ್ಡ, ಬಾಯಿ ತುಂಬ ಮಾತು. ಹೊಳೆಯ ದಂಡೆಗೆ, ಜಾವಳಕ್ಕೆ ಎಂದು ಕೇಳಿದ ಕೂಡಲೇ, "ಅಯ್ಯೋ ಮಾಲಕ, ಹಾಂಗಾರ ಈ ಬೇಟಿ ಬೇಟಾ ಅದಾನಾ!" ಎಂದು ಕನ್ನಡಿಯಲ್ಲಿ ಮಾಣಿಕನಿಗೆ ಕಣ್ಣು ಹೊಡೆದ. ದಾರಿಯುದ್ದಕ್ಕೂ ಚಂದ್ರಕಲಾ ಗಂಡನ ಮುಖವನ್ನೇ ನೋಡುತ್ತಿದ್ದಳು. ವಾರದ ಹಿಂದೆ ಅವನೇ ಭಾಗಣ್ಣನಿಗೆ ಫೋನ್ ಮಾಡಿದ್ದ.

"ಏನಂದನ್ರಿ ಅಣ್ಣ? ಮತ್ತೊಮ್ಮಿ ಹೇಳ್ರಿ."

"ಎಷ್ಟ ಸಲ ಹೇಳಬೇಕ ಚಂದ್ರಿ? ನೋಡ್ತೀನಿ ಅಂದ."

"ನೋಡ್ತೀನಿ ಅಂದನೋ, ನೋಡೂಣು ಅಂದನೋ?"

"ನೋಡ್ತೀನಿ ಅಂದ. ಆಮ್ಯಾಲ ಕೂಸು ಮಾತಾಡ್ತದೇನು ಅಂತ ಕೇಳದ. ಮಾತಾಡ್ತದ ಅಂದೆ. ಫೋನ್ ಇಟ್ಟ."

ಹೊಳೆಯ ದಂಡೆಯಲ್ಲಿ ಬೇವಿನ ಮರದ ಕೆಳಗೆ ಕ್ಷೌರದ ಭೀಮಶಾ ಕಾಯುತ್ತಿದ್ದ. ಶಿವಕಾಂತಮ್ಮ ನೀರಿಗೆ ಅರಿಷಿಣ ಕುಂಕುಮ ಬಿಟ್ಟು, ಊದಿನಕಡ್ಡಿ ಹಚ್ಚಿ, "ಗಂಗವ್ವ ತಾಯಿ, ನಿನ್ನ ದಂಡಿ ಕೂಸು" ಎಂದು ಕೈ ಮುಗಿದಳು. ಕಾಗಿಣಾ ತುಂಬಿ ಹರಿಯುತ್ತಿರಲಿಲ್ಲ, ಬತ್ತಿರಲೂ ಇಲ್ಲ. ಹೇಳಬೇಕಾದುದನ್ನು ಒಳಗೆ ಇಟ್ಟುಕೊಂಡವರಂತೆ ಸಾಗುತ್ತಿತ್ತು. ಸ್ವಲ್ಪ ಮೇಲೆ ಬ್ಯಾರೇಜಿನ ಸೇತುವೆ. ಆಚೆ ದಂಡೆಯಲ್ಲಿ ಜಾಲಿ ಗಿಡಗಳ ನಡುವೆ ಅವಳ ತವರಿನ ಗೋಡೆ, ಕೆಳಗೆ ಬೋರಲು ಹಾಕಿದ ಹರಗೋಲು. ಅದರ ಪಕ್ಕ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕುಳಿತು ಬಲೆ ಬಿಡಿಸುತ್ತಿದ್ದ. ಇಷ್ಟು ದೂರದಿಂದ ಮುಖ ಕಾಣುವಂತಿರಲಿಲ್ಲ. ಮುಖ ಕಾಣಬೇಕಾದ ಅಗತ್ಯವೂ ಇರಲಿಲ್ಲ. ಬಲೆ ಬಿಡಿಸುವಾಗ ಎಡ ಮೊಣಕೈಯನ್ನು ಹಾಗೆ ಹೊರಗೆ ಚಾಚುವವನು ಹೊಳೆಯ ಆಚೆ ಈಚೆ ಅವನೊಬ್ಬನೇ.

ಅಂದರೆ ಅವನಿಗೆ ಗೊತ್ತಿದೆ. ನೋಡುತ್ತಿದ್ದಾನೆ. ನೋಡ್ತೀನಿ ಅಂದವನು ಅಂದಂತೆಯೇ ಮಾಡುತ್ತಿದ್ದಾನೆ.

ಅವಳು ಹೊತ್ತು ಕಳೆಯಲು ಒಂದೊಂದೇ ನೆಪ ತೆಗೆದಳು. ಕೂಸಿಗೆ ಹಸಿವೆ ಎಂದಳು, ಉಣಿಸಿದಳು. ಬಿಸಿಲಿಗೆ ಬೆವರಿದ್ದಾನೆ ಎಂದಳು, ಒರೆಸಿದಳು. ಆಚೆಯ ಮನುಷ್ಯ ಬಲೆಯ ಒಂದು ಮಗ್ಗುಲು ಮುಗಿಸಿ ಇನ್ನೊಂದು ಹಿಡಿದ. ಒಮ್ಮೆ ಎದ್ದು ನಿಂತ. ಅವಳ ಉಸಿರೂ ಎದ್ದು ನಿಂತಿತು. ಅವನು ಬಲೆಯನ್ನು ನೆರಳಿಗೆ ಎಳೆದುಕೊಂಡು ಮತ್ತೆ ಕುಳಿತ. ಭೀಮಶಾ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಸವರಿ, "ತಾಯಿ, ರಾಹುಕಾಲ ಬರ್ಲಿಕತ್ತದ" ಎಂದ.

"ಬಾರದವರಿಗಿ ಎಷ್ಟಂತ ಹಾದಿ ಕಾಯೋದು?" ಎಂದಳು ಶಿವಕಾಂತಮ್ಮ. ಸಿಟ್ಟಿನಿಂದಲ್ಲ; ದಣಿದಿದ್ದಳು. "ಕೂದಲು ಹಿಡೀಲಿಕ್ಕ ಸ್ವಾದರತ್ತಿ ಸೆರಗು ಒಡ್ಡಬೇಕು, ನನಗ ಹೆಣ್ಣು ಹುಟ್ಟಲಿಲ್ಲ, ನಾನೇ ಒಡ್ತೀನಿ. ಮಾವನ ಜಾಗಾಕ್ಕೂ ಯಾರರೇ ಕೂಡಲಿ. ತವರೂರಿನ ನೀರು ಕುಡದವರೆಲ್ಲ ತವರಿನವರೇ. ಏ ಬಾಬುಮಿಯಾ, ನಿಂದು ಯಾವೂರು?"

"ಇಲ್ಲೇ ಸೇಡಂ, ಅಮ್ಮಾ. ಹುಟ್ಟಿದ್ದೂ ಇಲ್ಲೇ, ಮಣ್ಣಾಗೋದೂ ಇಲ್ಲೇ."

"ಬಾ, ಕೂಡು. ಕೂಸಿನ ಮಾವ ಆಗು."

ಬಾಬುಮಿಯಾ ಚಂದ್ರಕಲಾಳ ಮುಖ ನೋಡಿದ. ಅವಳು ಆಚೆ ದಂಡೆಯ ಕಡೆ ನೋಡುತ್ತಿದ್ದಳು. ಸಾಯಿಕುಮಾರ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, "ಮುಂದಿನ ವರ್ಷ ಕೂಸಿನ್ನ ಸಾಲಿಗಿ ಹಚ್ಚಬೇಕು. ಹುಡುಗರು ಜಡಿ ಹಿಡದು ಜಗ್ತಾರ ಚಂದ್ರಿ" ಎಂದ. ಅವನ ದನಿ ಮೆದುವಾಗಿತ್ತು. ಜಡೆ ಎಳೆಸಿಕೊಳ್ಳುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ಕೂದಲು ಇರುವ ತನಕ ಅಣ್ಣನಿಗೆ ಬರಲು ಒಂದು ಕಾರಣವಿತ್ತು. ಅದು ಹೋದ ಮೇಲೆ ಏನೆಂದು ಕರೆಯಲಿ? ಮೂರು ವರ್ಷ ತಾನು ಎಣ್ಣೆ ಹಚ್ಚಿ, ಗಂಟು ಬಿಡಿಸಿ ಸಾಕಿದ್ದು ಮಗನ ಕೂದಲನ್ನಲ್ಲ, ಆ ಕಾರಣವನ್ನು. ಹೀಗೆ ತನಗೇ ತಿಳಿದಾಗ ಅವಳಿಗೆ ಕೂಸಿನ ಮುಖ ನೋಡಲು ನಾಚಿಕೆಯಾಯಿತು.

ಬಾಬುಮಿಯಾ ಚಪ್ಪಲಿ ಬಿಟ್ಟು, ಅಂಗಿಯ ತೋಳು ಮೇಲೇರಿಸಿ ಹೊಳೆಗೆ ಇಳಿದ. ಬಗ್ಗಿ ಕೈ ತೊಳೆದುಕೊಂಡ. ಒಮ್ಮೆ ತೊಳೆದು, ಸಾಲದೆಂದು ಮರಳು ತಿಕ್ಕಿ ಮತ್ತೊಮ್ಮೆ ತೊಳೆದ. ತಿರುಗಿ ಬಂದು ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ.

"ಆಟೋ ಗ್ರೀಸ್ ಇತ್ತು ಅಕ್ಕಾ. ಈಗ ಸಾಫ್ ಅವ, ನೋಡ್ರಿ."

ನೋಡಿದಳು. ಒದ್ದೆ ಅಂಗೈಗಳು, ಗೆರೆಗಳಲ್ಲಿ ಉಳಿದ ತೆಳ್ಳನೆಯ ಕಪ್ಪು, ಬೆರಳ ತುದಿಯಿಂದ ತೊಟ್ಟಿಕ್ಕುವ ನೀರು. ಅವತ್ತು ನಳದ ಸದ್ದು ನಿಂತ ಮೇಲೆ ಹಿತ್ತಲಿಗೆ ಎದ್ದು ಹೋಗಿದ್ದರೆ ತನಗೆ ಕಾಣಬೇಕಾಗಿದ್ದ ಕೈಗಳು. ಎದ್ದು ಹೋಗಿರಲಿಲ್ಲ. ಹಸಿ ಬಾಣಂತಿ, ಏಳಬಾರದಿತ್ತು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಬಾಬುಮಿಯಾ ಚಕ್ಕಳಮಕ್ಕಳ ಹಾಕಿ ಕುಳಿತದ್ದು, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು, ಶಿವಕಾಂತಮ್ಮ ಸೆರಗು ಒಡ್ಡಿದ್ದು ಎಲ್ಲ ನೀರಿನ ಒಳಗೆ ನಡೆದಂತೆ ಕಂಡಿತು. ಕತ್ತರಿಯ ಸದ್ದು ಮಾತ್ರ ಸ್ಪಷ್ಟವಾಗಿತ್ತು. ಎಡಗಡೆಯ ಜಡೆ ಅತ್ತೆಯ ಸೆರಗಿಗೆ ಬಿತ್ತು. ಬೀಳುವಾಗಲೂ ಅದರ ತುದಿಯ ಕೆಂಪು ರಿಬ್ಬನ್ನು ಬಿಚ್ಚಿರಲಿಲ್ಲ. ಭೀಮಶಾ ಎಡಗಡೆಯನ್ನು ನುಣ್ಣಗೆ ಮಾಡಿ, ಕೂಸಿನ ತಲೆಯನ್ನು ಈಚೆ ಹೊರಳಿಸಿದ.

"ಅದು ಬ್ಯಾಡ."

ಎಲ್ಲರೂ ಚಂದ್ರಕಲಾಳ ಕಡೆ ತಿರುಗಿದರು.

"ಈಕಡೀದು ಬ್ಯಾಡ. ಬಿಡ್ರಿ ಅದನ್ನ."

"ಯವ್ವಾ," ಎಂದ ಭೀಮಶಾ, ಕತ್ತರಿ ಗಾಳಿಯಲ್ಲಿ ಹಿಡಿದು, "ಅರ್ಧ ಜಾವಳ ನಮ್ಮಪ್ಪನ ಕಾಲದಾಗೂ ಕೇಳಿಲ್ಲ."

"ಹುಚ್ಚು ಹಿಡದದೇನ ಚಂದ್ರವ್ವ ನಿನಗ?" ಶಿವಕಾಂತಮ್ಮ ಸೆರಗು ಒಡ್ಡಿದ್ದಂತೆಯೇ ಬೈದಳು. "ಹಿಂಗೇ ರೈಲಿನಾಗ ಒಯ್ತಿ? ಮಂದಿ ನಗತಾರ!"

"ನಗಲಿ."

ಬಾಬುಮಿಯಾ ತೊಡೆಯ ಮೇಲಿನ ಕೂಸಿನ ಉಳಿದ ಜಡೆಯನ್ನು ಎರಡು ಬೆರಳಿನಿಂದ ಎತ್ತಿ, ಜೋಪಾನವಾಗಿ ಅದರ ಹೆಗಲ ಮೇಲೆ ಇಟ್ಟ. "ಬಿಡ್ರಿ ಅಮ್ಮಾ. ಹಕ್ಕಿನ ಮಾವ ಜಿಂದಾ ಇದ್ದಾಗ ನಾ ಪೂರಾ ಹ್ಯಾಂಗ ತಗೊಳ್ಲಿ? ನನ್ನ ಪಾಲು ನನಗ ಮುಟ್ಯಾದ."

ಚಂದ್ರಕಲಾ ಕೂಸನ್ನು ಎತ್ತಿಕೊಂಡಳು. ಎತ್ತ ಎಂದು ಸಾಯಿಕುಮಾರ ಕೇಳಲಿಲ್ಲ. ಯಾವ ಗಾಡಿ ಯಾವ ಹಳಿಗೆ ಹೊರಳುತ್ತದೆ ಎಂದು ಅವನಿಗೆ ತಿಳಿಯುತ್ತದೆ. ನೀರಿನ ಬಾಟಲಿ ಮಾತ್ರ ಅವಳ ಕೈಗಿಟ್ಟ.

ಬ್ಯಾರೇಜಿನ ಮೇಲೆ ಗಾಳಿಯಿತ್ತು. ಕೆಳಗೆ ನೀರು ಬಾಗಿಲುಗಳ ಸಂದಿಯಿಂದ ಬೆಳ್ಳಗೆ ನುಗ್ಗುತ್ತಿತ್ತು. ಈ ದಾರಿ ಇಷ್ಟೇ ಇತ್ತೇ? ವಾಡಿಯಿಂದ ಸೇಡಂ, ಸೇಡಂನಿಂದ ಹೊಳೆ, ಹೊಳೆಯ ಮೇಲೆ ಇಷ್ಟು ಉದ್ದ. ಎಷ್ಟೋ ಹಬ್ಬಕ್ಕೆ ಗಂಡನಿಂದ ಫೋನ್ ಮಾಡಿಸಿದ್ದಳು, ಸೇಡಂ ಕಡೆ ಹೋಗುವವರ ಕೈಯಲ್ಲಿ ಹೇಳಿಕಳಿಸಿದ್ದಳು, ಬರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಬರಲಿ, ಅವನು ಬರಲಿ. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಅಜ್ಜಿ ನೀನೇ ಬಾ ಎಂದ ಕೂಸಿಗೂ ತನಗೂ ಏನು ಅಂತರ? ದೀಪ ಸ್ವೀಕರಿಸಿದ ದೇವರು ಸುಮ್ಮನೆ ಕುಳಿತು ಇವಳು ಯಾವಾಗ ಏಳುತ್ತಾಳೆ ಎಂದು ನೋಡುತ್ತಿದ್ದನೇನೋ. ಮಾಣಿಕ ತನ್ನ ತಲೆಯ ನುಣ್ಣನೆಯ ಮಗ್ಗುಲನ್ನು ಅವಳ ಕೆನ್ನೆಗೆ ಒತ್ತಿದ. ಅದು ತಣ್ಣಗಿತ್ತು, ಹೊಸದಾಗಿತ್ತು, ಹುಟ್ಟಿದ ದಿನದ ವಾಸನೆಯಿತ್ತು.

ಆಚೆ ದಂಡೆಗೆ ಇಳಿದಾಗ ಭಾಗಣ್ಣ ಎದ್ದು ನಿಂತಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು; ಅದು ಅವಳಿಗೆ ಗೊತ್ತಿರಲಿಲ್ಲ. ಅವನು ಅವಳನ್ನು ನೋಡಲಿಲ್ಲ. ಕೂಸನ್ನು ನೋಡಿದ, ತನ್ನ ಕೈ ನೋಡಿಕೊಂಡ. ಕೈಗೆ ಬಲೆಯ ಕೆಸರಿತ್ತು, ಮೀನಿನ ಹುರುಪೆಗಳಿದ್ದವು. ತಿರುಗಿ ನೀರಿನ ಅಂಚಿಗೆ ಹೋಗಿ ಕುಳಿತು ಕೈ ತೊಳೆಯತೊಡಗಿದ.

ತೊಳೆಯಬೇಡ ಎನ್ನಬೇಕೆಂದಿದ್ದಳು. ಸೇತುವೆಯ ಮೇಲೆ ಮಾತನ್ನು ಹೊಂದಿಸಿಕೊಂಡೂ ಬಂದಿದ್ದಳು. ಅಷ್ಟರಲ್ಲಿ ಮಾಣಿಕ ಅವಳ ಕಂಕುಳಿಂದ ಜಾರಿ ಇಳಿದು, ಪುಟ್ಟ ಹೆಜ್ಜೆ ಹಾಕುತ್ತ ಹೋಗಿ, ಅವನ ಪಕ್ಕದಲ್ಲಿ ಅವನಂತೆಯೇ ಕುಕ್ಕರಗಾಲಲ್ಲಿ ಕುಳಿತ. ತನ್ನ ಎರಡೂ ಕೈ ನೀರಿಗೆ ಇಟ್ಟು ತಿಕ್ಕಿಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಸೇರಿ ಕೈ ತೊಳೆದರು. ಕೂಸಿನ ಬೆರಳಿಗೆ ಒಂದು ಹುರುಪೆ ಅಂಟಿತು. ಅವನು ಅದನ್ನು ಬಿಸಿಲಿಗೆ ಹಿಡಿದು, "ಚಮಕ್" ಎಂದ.

ಭಾಗಣ್ಣನ ಕೈ ನೀರಿನೊಳಗೇ ನಿಂತಿತು. "ಏನಲೇ ಮಾಣಿಕಪ್ಪ," ಎಂದ ಕೂಸಿಗೆ, ತನ್ನ ಅಪ್ಪನನ್ನು ಕರೆದಂತೆ, "ಒಂದ್ ಮಗ್ಗಲ ಸನ್ಯಾಸಿ, ಒಂದ್ ಮಗ್ಗಲ ಮದಿಮಗಳು. ಇದೊಂದು ಯಾಕ ಉಳಸ್ಯಾರ?"

ಮಾಣಿಕ ತಿರುಗಿ ಅವ್ವನನ್ನು ನೋಡಿದ.

"ಅದು ಮಾವಂದು" ಎಂದಳು ಚಂದ್ರಕಲಾ.

ಭಾಗಣ್ಣ ಎದ್ದು, ಹರಗೋಲಿನ ಪಕ್ಕದ ಚಪ್ಪಡಿಯ ಮೇಲೆ ಕಾಲು ಮಡಚಿ ಕುಳಿತು, ಕೂಸನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ಕತ್ತರಿಗೆಂದು ಎದುರು ದಂಡೆಯ ಭೀಮಶಾನನ್ನು ಕರೆಯಲಿಲ್ಲ; ಬಲೆ ಕತ್ತರಿಸುವ ಕತ್ತರಿ ಪಕ್ಕದಲ್ಲೇ ಇತ್ತು, ಅದನ್ನೂ ಎತ್ತಿಕೊಳ್ಳಲಿಲ್ಲ. ಸೇತುವೆಯ ಗಾಳಿಗೆ ಸಡಿಲಾಗಿದ್ದ ಆ ಒಂದೇ ಜಡೆಯ ರಿಬ್ಬನ್ನು ಬಿಚ್ಚಿದ. ಒದ್ದೆ ಬೆರಳುಗಳಿಂದ ಮೂರು ಎಳೆ ಮಾಡಿ, ಮೇಲಿನಿಂದ, ಗಟ್ಟಿಯಾಗಿ, ತಂಗಿಗೆ ಹೆಣೆಯುತ್ತಿದ್ದಂತೆಯೇ, ಮತ್ತೆ ಹೆಣೆಯತೊಡಗಿದ.

ಅವನು ಇನ್ನೂ ಅವಳ ಕಡೆ ನೋಡಿರಲಿಲ್ಲ. ಚಂದ್ರಕಲಾ ಸೆರಗಿನ ಗಂಟು ಬಿಚ್ಚಿ ಬನ್ನಿಯ ಎಲೆಗಳನ್ನು ಅಂಗೈಗೆ ತೆಗೆದುಕೊಂಡಳು; ಬಾಡಿದ್ದವು, ಒಣಗಿರಲಿಲ್ಲ. ಹೆಣಿಗೆ ಮುಗಿದು ಅವನ ಕೈ ಖಾಲಿಯಾಗುವುದನ್ನು ಕಾಯುತ್ತ, ಅವನ ಕಾಲ ಬಳಿ ನೆಲಕ್ಕೆ ಕುಳಿತಳು.